ಬರಿದಾಗಿ ಬಂದ ತೊಟ್ಟಿಲು

ಆ ದಿನ ಬೆಳಗ್ಗೆ ಚಾಮುಂಡಿ ಬೆಟ್ಟ ಕಾಣುತ್ತಿರಲಿಲ್ಲ. ಮಾರ್ಗಶಿರದ ಮಂಜು ಬೆಟ್ಟವನ್ನು ನುಂಗಿ, ನಜರಬಾದಿನ ಹೆಂಚುಗಳ ಮೇಲೆ ಇಳಿದು, ಬೀದಿ ನಲ್ಲಿಯವರೆಗೂ ಬಂದು ಕೂತಿತ್ತು. ಮಳೆ ಅನ್ನುವ ಹಾಗಿಲ್ಲ, ಇಬ್ಬನಿ ಅನ್ನುವ ಹಾಗಿಲ್ಲ. ಸೆರಗಿನ ಮೇಲೆ ಬಿದ್ದರೆ ಕಾಣದು, ಮೈಗೆ ಮಾತ್ರ ಚಳಿ ಹತ್ತುವುದು. ಶಿವನಂಜಮ್ಮ ಬಾಗಿಲಿಗೆ ನೀರು ಹಾಕಿ, ಕಾಣದ ಬೆಟ್ಟದ ಕಡೆಗೆ ಕೈಮುಗಿದಳು. ದೀಪಾವಳಿಯಿಂದೀಚೆಗೆ ಅವಳು ಆ ತಾಯಿಯನ್ನು ಏನೂ ಬೇಡಿರಲಿಲ್ಲ. ಅಭ್ಯಾಸಕ್ಕೆ ಕೈ ಮಾತ್ರ ಮುಗಿಯುತ್ತಿತ್ತು.

ಎದುರು ಸಾಲಿನ ಕೊನೆಯ ಮನೆಯಿಂದ ಕೂಸಿನ ಅಳು ಕೇಳಿಸಿತು. ಅದು ಜಟಕಾ ಓಡಿಸುವ ಮರಿಯಯ್ಯನ ಮನೆ. ಅವನ ಹೆಂಡತಿ ಮಾದೇವಮ್ಮ ಹೆತ್ತು ಇನ್ನೂ ಹತ್ತು ದಿನ ತುಂಬಿರಲಿಲ್ಲ. ಅಳುವಿನ ನಡುವೆ ಸಣ್ಣದೊಂದು ಕೆಮ್ಮು. ಕೂಸನ್ನು ತಣ್ಣನೆಯ ನೆಲದ ಮೇಲೆ ಮಲಗಿಸಿದ್ದಾರೆ ಎಂಬುದು ಒಮ್ಮೆ ಹೆತ್ತ ಯಾವ ಹೆಂಗಸಿಗೂ ಆ ಕೆಮ್ಮಿನಲ್ಲೇ ತಿಳಿಯುತ್ತದೆ.

ಒಳಗೆ ಗಂಡ ನಿಂಗಯ್ಯ ಮಾರ್ಕೆಟ್ಟಿಗೆ ಒಯ್ಯುವ ಸೊಪ್ಪನ್ನು ಕುಕ್ಕೆಗೆ ಜೋಡಿಸುತ್ತಿದ್ದ. ಅಳು ಕೇಳಿದ್ದೇ ಕೈಯಲ್ಲಿದ್ದ ಕಂತೆಯನ್ನು ಕುಕ್ಕೆಗೆ ಎಸೆದ.

"ಇವತ್ತಿಗೆ ಅದೂ ಮುಗೀತದೆ ಬುಡು. ಮಧ್ಯಾಹ್ನ ಬೀಡಿ ಅಂಗಡಿ ಶಾಮಣ್ಣ ಬೀದಿಯೋರನ್ನೆಲ್ಲ ಸೇರುಸ್ತಾನಂತೆ. ಸಂಜೆ ಒಳಗೆ ಅವ್ರ ಮನೆ ಖಾಲಿ ಮಾಡುಸ್ತಾರಂತೆ."

"ಹಸಿ ಬಾಣಂತಿ ಕಣ್ರೀ."

"ನನ್ ಮಗ ಏನು ಬೆಳ್ದು ದೊಡ್ಡೋನಾಗ್ಬುಟ್ಟಿದ್ನಾ?"



ನಂಜುಂಡ ಅವರಿಗೆ ಬಹಳ ವರ್ಷ ಕಾದು ಹುಟ್ಟಿದವನು. ನಂಜನಗೂಡಿನ ಹೊಳೆಯಲ್ಲಿ ಮಿಂದು, ಒದ್ದೆ ಸೀರೆಯಲ್ಲೇ ಗುಡಿ ಸುತ್ತಿ, ದೇವರ ಹೆಸರನ್ನೇ ಇಡುತ್ತೇನೆಂದು ಹರಕೆ ಹೊತ್ತ ಮೇಲೆ, ಸ್ವಾತಂತ್ರ್ಯ ಬಂದ ವರ್ಷ ಹುಟ್ಟಿದ. ಒಂಬತ್ತು ವರ್ಷ ಮನೆಯ ತುಂಬ ಓಡಾಡಿದ. ಅಪ್ಪನ ಕುಕ್ಕೆಯಲ್ಲಿ ಬಾಡಿ ಉಳಿದ ಸೊಪ್ಪನ್ನೆಲ್ಲ ಮರಿಯಯ್ಯನ ಕುದುರೆಗೆ ತಿನ್ನಿಸುವುದು ಅವನ ದಿನದ ಕೆಲಸ. ಕುದುರೆಯೂ ಅವನ ಹೆಜ್ಜೆ ಕೇಳಿದರೆ ಕಿವಿ ನಿಮಿರಿಸುತ್ತಿತ್ತು.

ಆ ಸಲ ಕನ್ನಡ ನಾಡೆಲ್ಲ ಒಂದಾದ ಸಂಭ್ರಮವೂ ದೀಪಾವಳಿಯೂ ಒಟ್ಟಿಗೇ ಬಂದವು. ಮೈಸೂರಿನ ಬೀದಿಬೀದಿಯಲ್ಲೂ ಪಟಾಕಿ. ಸಂಜೆ ಸವಾರಿ ಮುಗಿಸಿ ಬಂದ ಜಟಕಾದ ಮುಂದೆ ನಂಜುಂಡ ಸೊಪ್ಪು ಹಿಡಿದು ನಿಂತಿದ್ದ. ಹತ್ತಿರದಲ್ಲೇ ಸರ ಪಟಾಕಿ ಸಿಡಿಯಿತು. ಕುದುರೆ ಬೆದರಿ ಮುಂದಕ್ಕೆ ನುಗ್ಗಿತು. ಚಕ್ರ ಹರಿದ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವನು ಮರಿಯಯ್ಯನೇ. ಅವನು ಬರಿಗೈಯಲ್ಲಿ ವಾಪಸು ಬರುವಷ್ಟರಲ್ಲಿ ಬೀದಿಯವರು ಅವನ ಗಾಡಿಯನ್ನು ಮುರಿದು ಹಾಕಿದ್ದರು.

ಆಮೇಲೆ ಅವನು ಕುದುರೆ ಮಾರಿದ. ನಲ್ಲಿಯ ಹತ್ತಿರ ಮಾದೇವಮ್ಮನ ಬಿಂದಿಗೆಗೆ ಸರದಿ ಬರಲಿಲ್ಲ. ಹೆರಿಗೆಗೆ ಬೀದಿಯ ಸೂಲಗಿತ್ತಿ ಹೋಗಲಿಲ್ಲ. ಯಾರೋ ದೂರದ ನೆಂಟಳು ಬಂದು ಹೆರಿಗೆ ಮಾಡಿಸಿ ಊರು ಸೇರಿಕೊಂಡಳು. ಶಿವನಂಜಮ್ಮ ಯಾರಿಗೂ ಹಾಗೆ ಮಾಡಿ ಅನ್ನಲಿಲ್ಲ, ಮಾಡಬೇಡಿ ಎಂದೂ ಅನ್ನಲಿಲ್ಲ. ಮುಖ ತಿರುಗಿಸಿಕೊಂಡು ಕೂತಿದ್ದಳು.

ಈ ದಿನ ಆ ಕೆಮ್ಮು ಕೇಳುತ್ತ ಕೇಳುತ್ತ ಅವಳು ಏಣಿ ಹಾಕಿ ಅಟ್ಟ ಹತ್ತಿದಳು.

ಅಟ್ಟದ ಮೇಲೆ ತೊಟ್ಟಿಲಿತ್ತು. ಹಿನಕಲ್ಲಿನ ಅವಳ ತವರಿಂದ ಬಂದದ್ದು. ಹಲಸಿನ ಮರದ್ದು, ಪಕ್ಕದ ಹಲಗೆಗಳಲ್ಲಿ ಬಣ್ಣ ಮಾಸಿದ ಗಿಣಿಗಳು. ನಂಜುಂಡ ಅದರಿಂದ ಇಳಿದ ಮೇಲೆ ಬೀದಿಯ ಅರ್ಧ ಮಕ್ಕಳು ಅದರಲ್ಲೇ ತೂಗಿಸಿಕೊಂಡಿದ್ದವು. ಅದಕ್ಕೊಂದು ಕ್ರಮ ಇತ್ತು. ಮಗು ಇಳಿದ ಮೇಲೆ ತೊಟ್ಟಿಲನ್ನು ಬರಿದಾಗಿ ಹಿಂದಿರುಗಿಸುವ ಹಾಗಿಲ್ಲ. ಒಂದು ಸೇರು ಅಕ್ಕಿ, ಒಂದು ತೆಂಗಿನಕಾಯಿ ಮಲಗಿಸಿ ತಂದುಕೊಡಬೇಕು. ಕೊಟ್ಟವಳ ಮನೆಯ ತೊಟ್ಟಿಲು ಮುಂದೆಯೂ ತುಂಬಿರಲಿ ಅನ್ನುವ ಹಾರೈಕೆ ಅದು.

ದೀಪಾವಳಿಯ ಹೊತ್ತಿಗೆ ಅದು ಪಕ್ಕದ ಮನೆಯ ಪ್ರೇಮಮ್ಮನಲ್ಲಿತ್ತು, ಅವಳ ಮೊಮ್ಮಗಳಿಗೆ ಅಂತ. ನಂಜುಂಡ ಮಣ್ಣಾದ ವಾರದಲ್ಲೇ ಒಂದು ಮುಸ್ಸಂಜೆ ಅವಳು ತೊಟ್ಟಿಲನ್ನು ತಂದು ಜಗಲಿಯ ಮೇಲಿಟ್ಟು, ಕರೆಯದೆ ಹೊರಟುಹೋದಳು. ಮಗ ಸತ್ತ ಮನೆಯ ತೊಟ್ಟಿಲು ಎಂಬ ಭಯ. ಶಿವನಂಜಮ್ಮ ಅದರೊಳಗೆ ಕೈಯಾಡಿಸಿ ನೋಡಿದಳು. ಒಂದು ಕಾಳು ಅಕ್ಕಿಯೂ ಸಿಗಲಿಲ್ಲ. ಮಗನನ್ನು ಮಣ್ಣಿಗಿಟ್ಟ ದಿನವೂ ಅವಳು ಅಷ್ಟು ಅತ್ತಿರಲಿಲ್ಲ.

ತೊಟ್ಟಿಲನ್ನು ಕೆಳಗಿಳಿಸುತ್ತಿದ್ದಾಗ ನಿಂಗಯ್ಯ ನೋಡಿದ. "ಎಲ್ಲಿಗಮ್ಮಿ ಇದು?"

"ಆ ಕೂಸು ನೆಲದ ಮೇಲದೆ."

"ಆ ಮನೆಗಾ? ನಂಜುಂಡನ ತೊಟ್ಟಿಲಾ?"

"ಇಟ್ಕೊಂಡು ನಾವು ಇನ್ಯಾರಿಗೆ ಕಟ್ಟಾನ, ನೀವೇ ಹೇಳಿ."

ನಿಂಗಯ್ಯ ಗೋಡೆಯ ಕಡೆ ತಿರುಗಿ ಕೂತ. ಅವಳು ಸಿಂಬೆ ಇಟ್ಟು ತೊಟ್ಟಿಲನ್ನು ತಲೆಗೇರಿಸಿಕೊಂಡು ಬೀದಿಗಿಳಿದಳು.

ನಲ್ಲಿಯ ಹತ್ತಿರ ಹೆಂಗಸರ ಮಾತು ನಿಂತಿತು. ಮೊದಲು ಬಾಯಿ ಬಿಟ್ಟವಳು ಅಂಬುಜಮ್ಮ. "ಸತ್ತ ಮಗೀನ ತೊಟ್ಲು, ಕೊಂದೋನ ಮನೆಗೆ! ಒಳ್ಳೇ ಜೋಡಿ ಕಣ್ರವ್ವಾ."

ಬೀಡಿ ಅಂಗಡಿಯ ಶಾಮಣ್ಣ ಬಾಗಿಲ ಹಲಗೆ ತೆಗೆಯುತ್ತಿದ್ದವನು ಇಳಿದು ಬಂದು ಅಡ್ಡ ನಿಂತ. "ಅಕ್ಕಾ, ತಲೆ ಕೆಟ್ಟೋಯ್ತಾ ನಿಂಗೆ? ನಿನ್ ಪರವಾಗಿ ಇಡೀ ಬೀದಿ ನಿಂತದೆ. ನೀನು ನೋಡಿದ್ರೆ ಅವ್ನ ಮನೆಗೆ ತೊಟ್ಲು ಹೊತ್ಕೊಂಡು ಹೊಂಟಿದ್ದೀಯ. ನಮ್ ಮಾನ ಏನಾಗ್ಬೇಕು?"

ಭಾರಕ್ಕೆ ಅವಳ ಕತ್ತು ನಡುಗುತ್ತಿತ್ತು. ತೊಟ್ಟಿಲನ್ನು ಅಲ್ಲೇ ಇಳಿಸಿದಳು. ಅವನಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ ಹೇಳಿದಳು:

"ಶಾಮಣ್ಣ, ಆ ಸಂಜೆ ಸರ ಪಟಾಕಿ ಯಾರ ಅಂಗಡಿ ಮುಂದೆ ಸಿಡೀತು ಅಂತ ನಾನು ಇವತ್ತಿನವರೆಗೂ ಯಾರನ್ನೂ ಕೇಳಿಲ್ಲ."

ಶಾಮಣ್ಣ ತಿರುಗಿ ತನ್ನ ಅಂಗಡಿಯ ಕಡೆ ನೋಡಿದ.

"ಕೇಳೋದೂ ಇಲ್ಲ ಕಣಪ್ಪ. ಹಬ್ಬ. ಎಲ್ರೂ ಹಚ್ತಾರೆ, ನೀನೂ ಹಚ್ಚಿದ್ದೆ. ಮರಿಯಯ್ಯ ದಿನಾ ಹೊಡ್ಯೋ ಗಾಡೀನೇ ಅವತ್ತೂ ಹೊಡ್ಕೊಂಡು ಬಂದ. ಅಷ್ಟೇ ನಡೆದದ್ದು. ನನ್ ಮಗ ಹೋದ. ಇನ್ನೊಂದು ಕೂಸು ಚಳೀಲಿ ಹೋಗೋದು ಬ್ಯಾಡ." ಸಿಂಬೆಯನ್ನು ಸರಿಮಾಡಿಕೊಂಡು, "ಒಬ್ಳ ಕೈಲಿ ಆಗಲ್ಲ. ತಲೆ ಮೇಲೆ ಎತ್ತಿಡು," ಎಂದಳು.

ಶಾಮಣ್ಣ ಬಾಗಿದ. ತೊಟ್ಟಿಲಿನ ಅಂಚು ಹಿಡಿದ. ಎತ್ತಿ ಅವಳ ತಲೆಯ ಮೇಲಿಟ್ಟು, ದಾರಿ ಬಿಟ್ಟು ನಿಂತ. ಅಂಗಡಿಯ ಉಳಿದ ಹಲಗೆಗಳನ್ನು ಅವನು ಆಮೇಲೂ ತೆಗೆಯಲಿಲ್ಲ.

ಮರಿಯಯ್ಯ ಬಾಗಿಲು ತೆರೆದವನು ಅವಳನ್ನು ಕಂಡು ಹೊಸ್ತಿಲಲ್ಲೇ ಕೂತುಬಿಟ್ಟ. "ಅವ್ವಾ, ಲಗಾಮು ಕೈಯಲ್ಲೇ ಇತ್ತು ಕಣವ್ವಾ. ಎಳ್ದೆ. ಎಷ್ಟು ಎಳ್ದೆ..." ಅಂಗೈ ಚಾಚಿ ತೋರಿಸಿದ. ಬಾರು ಕೊಯ್ದ ಗಾಯ ಮಾಯ್ದು ಕಪ್ಪಗೆ ಗೆರೆಯಾಗಿತ್ತು. ಶಿವನಂಜಮ್ಮ ಅದನ್ನು ನೋಡಿದಳು. "ದಾರಿ ಬುಡಪ್ಪ, ಭಾರ ಆಯ್ತದೆ," ಎಂದಷ್ಟೇ ಅಂದಳು.

ಬಾಣಂತಿಯ ಕೋಣೆಯಲ್ಲಿ ಒಂದು ಕೆಂಡವೂ ಇರಲಿಲ್ಲ. ಚಾಪೆಯ ಮೇಲೆ ಮಾದೇವಮ್ಮ. ಅವಳ ಹಳೇ ಸೀರೆಯ ತುಂಡಿನಲ್ಲಿ ಹೆಣ್ಣುಕೂಸು. ತೊಟ್ಟಿಲನ್ನು ಕಂಡ ಕೂಡಲೇ ಮಾದೇವಮ್ಮ ಕೂಸನ್ನು ಎತ್ತಿ ಎದೆಗೆ ಬಿಗಿಯಾಗಿ ಅವುಚಿಕೊಂಡಳು. ಆ ಭಯ ಎಂಥದು ಎಂದು ಶಿವನಂಜಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಮನಸ್ಸಿಗೆ ಹೆದರಿಕೆ ಆದ್ರೆ ಬ್ಯಾಡ ಕಣವ್ವ. ವಾಪಸ್ ತಕ್ಕೊಂಡೋಗ್ತೀನಿ. ನಾನೇನೂ ಅಂದ್ಕೊಳ್ಳಲ್ಲ."

ಮಾದೇವಮ್ಮ ಅವಳ ಮುಖವನ್ನೇ ನೋಡಿದಳು. ಕೂಸು ಕೆಮ್ಮಿತು. ಆಮೇಲೆ ತೋಳು ಚಾಚಿ, "ನೀವೇ ಮಲಗ್ಸಿ ಅವ್ವ. ನಿಮ್ ಕೈಯಿಂದ್ಲೇ," ಎಂದು ಕೂಸನ್ನು ಕೊಟ್ಟಳು.

ಮರಿಯಯ್ಯ ಕುದುರೆ ಕಟ್ಟುತ್ತಿದ್ದ ಹಗ್ಗ ತಂದು ತೊಲೆಗೆ ಹಾಕಿದ. ಹಾಕಿದ ಗಂಟು ನಿಲ್ಲಲಿಲ್ಲ. ಹಿಂದಿನಿಂದ ಯಾರೋ, "ಬುಡು. ಆ ಗಂಟು ಜಾರ್ತದೆ," ಅಂದರು. ಬಾಗಿಲಲ್ಲಿ ನಿಂಗಯ್ಯ. ಹಗ್ಗ ಇಸಿದುಕೊಂಡು ಕಟ್ಟಿದ, ಜೋತು ಬಿದ್ದು ಜಗ್ಗಿ ನೋಡಿದ, ಮರಿಯಯ್ಯನ ಮುಖ ನೋಡದೆ ಹೊರಟುಹೋದ. ಸ್ವಲ್ಪ ಹೊತ್ತಿಗೆ ಜಗಲಿಯ ಮೇಲೆ ಒಂದು ಕಂತೆ ಸಬ್ಬಸಿಗೆ ಸೊಪ್ಪು ಇತ್ತು, ಬಾಣಂತಿಗೆ.

ಶಿವನಂಜಮ್ಮ ಒಲೆ ಹೊತ್ತಿಸಿ ಕೆಂಡ ತಂದಿಟ್ಟಳು, ಕೂಸಿನ ಎದೆಗೆ ಬಿಸಿ ಶಾಖ ಕೊಟ್ಟಳು, ಮಲಗಿಸಿ ತೂಗಿದಳು. ಹಲಸಿನ ಮರ ಕಿರ್ರೆಂದಿತು. ಅದೇ ಸದ್ದು. ಅಂಚಿನ ಮೇಲೆ ನಂಜುಂಡ ಹಲ್ಲು ಬರುವಾಗ ಕಚ್ಚಿದ್ದ ಸಣ್ಣ ಗುರುತುಗಳು ಅವಳ ಬೆರಳಿಗೆ ಸಿಕ್ಕವು. ಜೋಗುಳಕ್ಕೆ ಬಾಯಿ ತೆರೆದಳು. ಹಾಡು ಬರಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡು, ಹಾಡಿಲ್ಲದೆಯೇ ತೂಗಿದಳು. ಕೂಸಿಗೆ ಅಷ್ಟೇ ಸಾಕಾಯಿತು. ಅಳು ನಿಂತು ನಿದ್ದೆ ಹತ್ತಿತು.

ಮಧ್ಯಾಹ್ನವಾಯಿತು. ಬೀದಿಯಲ್ಲಿ ಯಾರೂ ಸೇರಲಿಲ್ಲ. ಮಂಜು ಕರಗಿ ಬೆಟ್ಟದ ನೆತ್ತಿ ಒಂದಿಷ್ಟು ಕಂಡಿತು.

ಆಗ ಬಾಗಿಲಲ್ಲಿ ನೆರಳಾಡಿತು. ಪ್ರೇಮಮ್ಮ. ಸೆರಗಿನಡಿ ಏನನ್ನೋ ಮುಚ್ಚಿಕೊಂಡಿದ್ದಳು. ಮಾದೇವಮ್ಮನನ್ನು ನೋಡಿದಳು, ಮಲಗಿದ್ದ ಕೂಸನ್ನು ನೋಡಿದಳು. ಶಿವನಂಜಮ್ಮನ ಕಣ್ಣಿಗೆ ಕಣ್ಣು ಕೊಡಲಾರದೆ ಅವಳ ಮುಂದೆ ಮಂಡಿಯೂರಿ ಕೂತಳು. ಸೆರಗು ಸರಿಸಿದಳು. ಸೇರಿನ ತುಂಬ ಅಕ್ಕಿ, ಮೇಲೊಂದು ತೆಂಗಿನಕಾಯಿ.

ಶಿವನಂಜಮ್ಮ ಒಂದು ಕೈಯಲ್ಲಿ ತೊಟ್ಟಿಲ ಹಗ್ಗ ಹಿಡಿದೇ, ಇನ್ನೊಂದು ಕೈಯಲ್ಲಿ ಮಡಿಲೊಡ್ಡಿದಳು. ಪ್ರೇಮಮ್ಮ, ಕೂಸು ಏಳದ ಹಾಗೆ, ಸದ್ದಿಲ್ಲದೆ ಅಕ್ಕಿಯನ್ನು ಸುರಿದು, ಕಾಯಿಯನ್ನು ಮೆಲ್ಲಗೆ ಅದರ ಮೇಲೆ ಮಲಗಿಸಿದಳು.