ಮುಗಿಯದ ನಾಲ್ಕನೇ ವಾರ

ಅಣ್ಣ ತಮ್ಮ ಇಬ್ಬರೂ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಹಾಗಂತ ಅಂಗಡಿಯ ಕೆಲಸ ಒಂದು ದಿನವೂ ನಿಂತಿರಲಿಲ್ಲ. ಅದು ಲಾಂಡ್ರಿ ಅಂಗಡಿ. ಹಿಂದಿನ ಕೋಣೆಯಲ್ಲಿ ಬಾಟಲಿ, ಬ್ರಷ್ಷು, ತೊಟ್ಟಿಗಳ ನಡುವೆ ಅಣ್ಣ ಕಲೆ ತೆಗೆಯುತ್ತಿದ್ದ. ಮುಂದಿನ ಕೋಣೆಯಲ್ಲಿ ತಮ್ಮ ಇಸ್ತ್ರಿ ಹಾಕಿ, ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದ. ನಡುವೆ ಒಂದು ಪರದೆ. ಪರದೆಯ ಆಚೆಗೆ ಏನಾದರೂ ಹೇಳಬೇಕಾದರೆ ಬಟ್ಟೆಗೆ ಸಿಕ್ಕಿಸುವ ಹಳದಿ ಚೀಟಿಗಳಿದ್ದವು. “ಕಾಲರಿನ ಎಣ್ಣೆ ಹೋಗಿದೆ. ಇಸ್ತ್ರಿ ಬಿಸಿ ಕಡಿಮೆ ಇರಲಿ” ಎಂದು ಅಣ್ಣ ಬರೆದು ಪಿನ್ನು ಚುಚ್ಚಿ ಕಳಿಸಿದರೆ, ಅದರ ಕೆಳಗೆ “ಗೊತ್ತು” ಎಂದು ಬರೆಸಿಕೊಂಡು ಚೀಟಿ ವಾಪಸು ಬರುತ್ತಿತ್ತು. ಆ “ಗೊತ್ತು” ನೋಡಿದಾಗಲೆಲ್ಲ ಅಣ್ಣನಿಗೆ ಮೈಯೆಲ್ಲ ಉರಿಯುತ್ತಿತ್ತು.

ಜಗಳ ಶುರುವಾದದ್ದು ಒಂದು ಬಿಳಿ ರೇಷ್ಮೆ ಅಂಗಿಯಿಂದ. ಅಂಗಿಯ ಬೆನ್ನಿನ ಮೇಲೆ ಕಂದು ಬಣ್ಣದ ಸುಟ್ಟ ಗುರುತು ಎದ್ದಿತ್ತು. ಗಿರಾಕಿಯ ಎದುರಿಗೇ ಅಣ್ಣ, “ಇಸ್ತ್ರಿ ಹಿಡಿಯೋಕೆ ಬರದವನು ಯಾಕೆ ಈ ಕೆಲಸಕ್ಕೆ ಬಂದೆ?” ಎಂದು ತಮ್ಮನ ಮಾನ ಕಳೆದ. ತಮ್ಮ ಅಂದಿನಿಂದ ಬಾಯಿಗೆ ಬೀಗ ಹಾಕಿಕೊಂಡ. ಒಂದು ವಾರದ ಮೇಲೆ ಅಣ್ಣ ಬಾಟಲಿಗಳನ್ನು ಒರೆಸುತ್ತಿದ್ದಾಗ ನಿಜ ಗೊತ್ತಾಯಿತು. ರೇಷ್ಮೆಗೆ ಹಾಕಬೇಕಾದ ದ್ರಾವಣದ ಬದಲು ಕ್ಯಾನ್ವಾಸಿಗೆ ಹಾಕುವುದನ್ನು ಸುರಿದವನು ಅವನೇ. ಇಸ್ತ್ರಿಯ ತಪ್ಪು ಎಳ್ಳಷ್ಟೂ ಇರಲಿಲ್ಲ. ಇದನ್ನು ಹೇಳಿಬಿಡಬೇಕೆಂದು ಅವನು ಆ ದಿನವೇ ನಿರ್ಧರಿಸಿದ. ಆಮೇಲೆ ನಾಳೆ ಹೇಳೋಣ ಅಂದುಕೊಂಡ. ಹೀಗೆ ನಾಳೆ ನಾಳೆ ಅನ್ನುತ್ತಲೇ ಮೂರು ವರ್ಷ ಕಳೆಯಿತು.

ಅಷ್ಟರಲ್ಲಿ ಅವನ ಹೊಟ್ಟೆ ಅಂಗಡಿಯ ಕಟ್ಟೆಗಿಂತ ಮುಂದೆ ಬಂದಿತ್ತು. ರಕ್ತದೊತ್ತಡ ನೋಡಿದ ಡಾಕ್ಟರಮ್ಮ ಮಾತ್ರೆಯ ಜೊತೆಗೆ ಒಂದು ಚಾರ್ಟನ್ನೂ ಕೈಗಿಟ್ಟರು. ಎಂಟು ವಾರದ ಓಟದ ಚಾರ್ಟ್. ಮೊದಲ ವಾರ ಒಂದು ನಿಮಿಷ ಓಡು, ಎರಡು ನಿಮಿಷ ನಡೆ. ಎರಡನೇ ವಾರ ಎರಡು ನಿಮಿಷದ ಓಟ. ಹೀಗೇ ಏರುತ್ತ ಏರುತ್ತ ಎಂಟನೇ ವಾರ ನಿಲ್ಲದೆ ಇಪ್ಪತ್ತು ನಿಮಿಷ.

“ಅವಸರ ಬೇಡ. ಓಡುತ್ತಾ ಮಾತಾಡೋಕೆ ಆಗಬೇಕು. ಮಾತಾಡೋಕೆ ಆಗ್ತಿಲ್ಲ ಅಂದ್ರೆ ವೇಗ ಜಾಸ್ತಿ ಆಯ್ತು ಅಂತ ಅರ್ಥ. ಅದಕ್ಕೇ ಜೊತೆಗೆ ಯಾರನ್ನಾದರೂ ಕರ್ಕೊಂಡು ಹೋಗಿ” ಎಂದರು ಡಾಕ್ಟರಮ್ಮ.

ಅಣ್ಣನ ಹೆಂಡತಿಗೆ ಮಂಡಿ ನೋವು. ಅವಳು ಚಾರ್ಟನ್ನು ಫ್ರಿಜ್ಜಿಗೆ ಅಂಟಿಸಿ, ಮಹಡಿಯ ಕೋಣೆಯಲ್ಲಿ ಒಬ್ಬನೇ ಇದ್ದ ಮೈದುನನನ್ನು ಕೆಳಗೆ ಕರೆದಳು. “ನಾಳೆಯಿಂದ ಬೆಳಗ್ಗೆ ಆರಕ್ಕೆ ನೀನು ನಿಮ್ಮಣ್ಣನ ಜೊತೆ ಓಡಬೇಕು. ಮಾತಾಡೋದು ಬಿಡೋದು ನಿಮಗೆ ಬಿಟ್ಟಿದ್ದು. ಅವರು ರಸ್ತೇಲಿ ಬಿದ್ರೆ ಎತ್ಕೊಂಡು ಬಂದರೆ ಸಾಕು” ಎಂದಳು. ಆ ಮನೆಯಲ್ಲಿ ಅವಳ ಮಾತಿಗೆ ಎದುರಾಡುವ ಪದ್ಧತಿ ಇರಲಿಲ್ಲ.

ಮೊದಲ ದಿನ ಅಣ್ಣ ಒಂದು ನಿಮಿಷ ಓಡಿದ. ಆ ಒಂದು ನಿಮಿಷದಲ್ಲಿ ಹಾಲಿನವನು ಅವನನ್ನು ದಾಟಿಹೋದ, ಪತ್ರಿಕೆ ಹಾಕುವವಳು ದಾಟಿಹೋದಳು, ಊರುಗೋಲಿನ ನಿವೃತ್ತ ಮೇಷ್ಟ್ರು ದಾಟಿಹೋಗಿ ತಿರುಗಿ ನೋಡಿ ಕೈ ಬೀಸಿದರು. ತಮ್ಮ ನಾಲ್ಕು ಹೆಜ್ಜೆ ಮುಂದೆ, ತನಗೂ ಹಿಂದಿನವನಿಗೂ ಯಾವ ಸಂಬಂಧವೂ ಇಲ್ಲ ಅನ್ನುವಂತೆ ಆಕಾಶ ನೋಡುತ್ತ ಕುಂಟುತ್ತಿದ್ದ. ಅವನು ಕುಂಟುತ್ತಿದ್ದದ್ದು ಕಾಲು ನೋವಿಗಲ್ಲ, ಅಷ್ಟು ನಿಧಾನವಾಗಿ ಓಡಲು ಅವನಿಗೆ ಬೇರೆ ದಾರಿ ಕಾಣಲಿಲ್ಲ.

ಮಾತಾಡುತ್ತ ಓಡಬೇಕೆಂಬ ನಿಯಮವನ್ನು ಅಣ್ಣ ಬಿಡಲಿಲ್ಲ. ಆದರೆ ತಮ್ಮನ ಜೊತೆ ಮಾತಾಡುವಂತಿಲ್ಲವಲ್ಲ. ಹಾಗಾಗಿ ದೀಪದ ಕಂಬಗಳಿಗೆ ತನ್ನ ಕಸುಬು ಹೇಳತೊಡಗಿದ. “ಶಾಯಿ ಕಲೆಗೆ ಹಾಲು. ರಕ್ತಕ್ಕೆ ತಣ್ಣೀರು. ಟೀ ಕಲೆ ಹಳೆಯದಾದರೆ ಗ್ಲಿಸರಿನ್.” ಏಳನೇ ಕಂಬದ ಹೊತ್ತಿಗೆ “ಗ್ಲಿ” ಅನ್ನುವುದು ಮಾತ್ರ ಹೊರಬರುತ್ತಿತ್ತು. “ಗ್ಲಿ” ಕೇಳಿದ ಕೂಡಲೇ ತಮ್ಮ ತಾನಾಗಿ ನಡಿಗೆಗೆ ಇಳಿಯುತ್ತಿದ್ದ. ಅಣ್ಣನಿಗೆ ಇದು ಅವಮಾನವೋ ಉಪಕಾರವೋ ಗೊತ್ತಾಗುತ್ತಿರಲಿಲ್ಲ.

ಮೂರನೇ ವಾರದ ಹೊತ್ತಿಗೆ ಪ್ಯಾಂಟು ಸಡಿಲವಾಯಿತು. ಒಂದು ಬೆಳಗ್ಗೆ ಅಣ್ಣ ಮೂರು ನಿಮಿಷ ಓಡಿ, ಮೇಷ್ಟ್ರನ್ನು ಹಿಂದೆ ಹಾಕಿದ. ಆ ಸಂತೋಷದಲ್ಲಿ ಮನೆಗೆ ಬಂದು ಹೆಂಡತಿಯ ಮುಂದೆ ಎದೆಯುಬ್ಬಿಸಿ ನಿಂತ. ಅವಳು ಟೀ ಸೋಸುತ್ತ, ತಲೆಯೆತ್ತದೆ ಹೇಳಿದಳು.

“ಸಂತೋಷ ರೀ. ಬೇಗ ಬೇಗ ಮುಗಿಸಿ. ಅವನಿಗೂ ಹೊರಡೋಕೆ ದಾರಿಯಾಗುತ್ತೆ.”

“ಯಾರು ಹೊರಡೋದು?”

“ನಿಮ್ಮ ತಮ್ಮ. ಪಕ್ಕದ ಊರಲ್ಲಿ ದೊಡ್ಡ ಲಾಂಡ್ರಿ ಆಗಿದೆಯಂತೆ. ಮೇಲ್ವಿಚಾರಕನ ಕೆಲಸ, ಇರೋಕೆ ಮನೆ. ಅಣ್ಣನ ಎಂಟು ವಾರ ಮುಗಿಸಿಕೊಟ್ಟು ಹೋಗ್ತೀನಿ ಅತ್ತಿಗೆ ಅಂದ. ನನಗೆ ಮಾತು ಕೊಟ್ಟಿದ್ದನಲ್ಲ.”

ಅಣ್ಣ ಉಬ್ಬಿಸಿದ ಎದೆ ಇಳಿಸಿ ಕುರ್ಚಿಯಲ್ಲಿ ಕೂತ. ಮೂರು ವರ್ಷ ಮಾತಾಡದೆ ಇದ್ದವನು ಹೋದರೆ ಏನು ಮಹಾ ನಷ್ಟ ಎಂದು ತನಗೆ ತಾನೇ ಕೇಳಿಕೊಂಡ. ನಷ್ಟ ದೊಡ್ಡದೇ ಇತ್ತು. ಪರದೆಯ ಆಚೆ ಇಸ್ತ್ರಿ ಪೆಟ್ಟಿಗೆ ಉಸ್ ಅನ್ನುವ ಸದ್ದು ಕೇಳದ ಒಂದು ದಿನವನ್ನೂ ಅವನಿಗೆ ಊಹಿಸಿಕೊಳ್ಳಲು ಆಗಲಿಲ್ಲ. ಆ “ಗೊತ್ತು” ಕೂಡ ಬರದೆ ಹೋಗುತ್ತದಲ್ಲ ಅನ್ನಿಸಿ ಅವನಿಗೆ ಟೀ ಸೇರಲಿಲ್ಲ.

ಬಾಯಿ ಬಿಟ್ಟು “ಹೋಗಬೇಡ” ಅನ್ನುವುದೊಂದು ದಾರಿ. ಅದು ಬಿಟ್ಟು ಬೇರೆ ಯಾವ ದಾರಿಯಿದೆ ಎಂದು ಅವನು ರಾತ್ರಿ ಊಟದ ತನಕ ಯೋಚಿಸಿದ. ಫ್ರಿಜ್ಜಿನ ಬಾಗಿಲಿನ ಮೇಲೆಯೇ ಉಪಾಯ ಹೊಳೆಯಿತು. ಎಂಟು ವಾರ ಮುಗಿದರೆ ತಾನೇ ಇವನು ಹೋಗುವುದು?

ನಾಲ್ಕನೇ ವಾರ ಐದು ನಿಮಿಷದ ಓಟ. ನಾಲ್ಕೂವರೆ ನಿಮಿಷಕ್ಕೆ ಅಣ್ಣ ಸೊಂಟ ಹಿಡಿದು ನಿಂತ. ಚಾರ್ಟಿನಲ್ಲಿ ಕೆಳಗೆ ಸಣ್ಣ ಅಕ್ಷರದಲ್ಲಿ, ಆಗದಿದ್ದರೆ ಅದೇ ವಾರವನ್ನು ಮತ್ತೆ ಮಾಡಿ ಎಂದು ಬರೆದಿತ್ತು. ಡಾಕ್ಟರಮ್ಮ ಹೇಳಿದ ಮಾತುಗಳಲ್ಲೆಲ್ಲ ಅವನು ಇಷ್ಟು ನಿಷ್ಠೆಯಿಂದ ಪಾಲಿಸಿದ್ದು ಇದೊಂದನ್ನೇ. ಒಂದು ವಾರ ಹಿಮ್ಮಡಿ ಹಿಡಿಯಿತು. ಇನ್ನೊಂದು ವಾರ ಕಣ್ಣಿಗೆ ಹುಳ ಬಿತ್ತು, ಅದೂ ದಿನಾ ಅದೇ ಕಂಬದ ಹತ್ತಿರ. ಮುಂದಿನ ವಾರ ಶೂ ದಾರ ನಾಲ್ಕು ಸಲ ಬಿಚ್ಚಿಕೊಂಡಿತು. ತಮ್ಮ ಪಕ್ಕದಲ್ಲಿ ನಿಂತು ಕೈಗಡಿಯಾರ ನೋಡುತ್ತ, ದಾರ ಕಟ್ಟಿ ಮುಗಿಯುವ ತನಕ ಕಾಯುತ್ತಿದ್ದ. ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ.

ಇತ್ತ ಡಾಕ್ಟರಮ್ಮ ತಲೆ ಕೆರೆದುಕೊಂಡರು. “ಒತ್ತಡ ಇಳಿದಿದೆ, ತೂಕ ಒಂಬತ್ತು ಕಿಲೋ ಇಳಿದಿದೆ, ಹೃದಯ ಗಡಿಯಾರದ ಹಾಗಿದೆ. ಐದು ನಿಮಿಷ ಓಡೋಕೆ ಯಾಕೆ ಆಗ್ತಿಲ್ಲ?”

“ವಯಸ್ಸು ನೋಡಿ” ಎಂದ ಅಣ್ಣ, ದೈನ್ಯವಾಗಿ.

ಡಾಕ್ಟರಮ್ಮನಿಗೆ ತಿಳಿಯದ ಗುಟ್ಟೊಂದಿತ್ತು. ಓಟದ ರುಚಿ ಅವನಿಗೆ ಹತ್ತಿಬಿಟ್ಟಿತ್ತು. ಬೆಳಗ್ಗೆ ತಮ್ಮನ ಎದುರು ಏದುಸಿರಿನ ನಾಟಕವಾಡುತ್ತಿದ್ದವನು, ಸಂಜೆ ಬಟ್ಟೆ ತಲುಪಿಸುವ ನೆಪದಲ್ಲಿ ಹೊರಟು ಕೆರೆಯ ಸುತ್ತ ಕದ್ದು ಓಡುತ್ತಿದ್ದ. ಮೊದಲು ಒಂದು ಸುತ್ತು, ಆಮೇಲೆ ಒಂದೂವರೆ, ಆಮೇಲೆ ಎರಡು. ಕುಡುಕರು ಕದ್ದು ಕುಡಿಯುವ ಹಾಗೆ ಇವನು ಕದ್ದು ಓಡಿದ. ಬೆವರಿನ ವಾಸನೆ ಹೋಗಲೆಂದು ಅಂಗಡಿಯ ಸೋಪಿನಿಂದ ಮುಖ ತೊಳೆದು ಮನೆಗೆ ಬರುತ್ತಿದ್ದ.

ನಾಲ್ಕನೇ ವಾರ ಆರನೇ ಸಲ ನಡೆಯುತ್ತಿದ್ದಾಗ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಅವನನ್ನು ಅಡ್ಡಗಟ್ಟಿದಳು.

“ರೀ, ನನ್ನ ಕಣ್ಣಿಗೆ ಮಣ್ಣು ಎರಚಬೇಡಿ. ದಿನಾ ಸಂಜೆ ನಿಮ್ಮ ಬನಿಯನ್ನು ಹಿಂಡಿದರೆ ಒಂದು ಲೋಟ ನೀರು ಬರುತ್ತೆ. ಹೀಗೆ ಎಷ್ಟು ದಿನ ತಡೆದು ನಿಲ್ಲಿಸ್ತೀರಿ ಅವನನ್ನ? ಹೋಗಬೇಡ ಅಂತ ಹೇಳಿ.”

“ನನ್ನ ಬಾಯಲ್ಲಿ ಬರಲ್ಲ ಕಣೇ.”

“ಬಾಯಲ್ಲಿ ಬರದಿದ್ರೆ ಬರೆದು ಹೇಳಿ. ಮೂರು ವರ್ಷದಿಂದ ಅದನ್ನೇ ತಾನೆ ಮಾಡ್ತಿರೋದು.”

ಮರುದಿನ ತಮ್ಮ ಕೆಳಗೆ ಇಳಿದು ಬರುವ ಮೊದಲೇ ಅಣ್ಣ ಅಂಗಡಿಗೆ ಬಂದು ಹಳದಿ ಚೀಟಿ ತೆಗೆದ. ನಾಲ್ಕು ಚೀಟಿ ಹರಿದ ಮೇಲೆ ಐದನೆಯದು ನಿಂತಿತು: “ಹೋಗಬೇಡ. ಅಂಗಿ ಸುಟ್ಟದ್ದು ನಾನು. ನನಗೆ ಒಂದೇ ವಾರಕ್ಕೆ ಗೊತ್ತಾಗಿತ್ತು.” ತಮ್ಮ ತನ್ನ ಕಪ್ಪು ಕೋಟನ್ನು ರಾತ್ರಿಯೂ ಗಿರಾಕಿಗಳ ಬಟ್ಟೆಯ ಸಾಲಿನಲ್ಲೇ ನೇತುಹಾಕಿ ಹೋಗುತ್ತಿದ್ದ. ಹಾಗೆ ಹಾಕಬೇಡವೆಂದು ಅಣ್ಣ ಕನಿಷ್ಠ ಇಪ್ಪತ್ತು ಚೀಟಿ ಬರೆದಿದ್ದ, ಇಪ್ಪತ್ತಕ್ಕೂ “ಗೊತ್ತು” ಬಂದಿತ್ತು. ತೊಟ್ಟಿಯ ಬಿಸಿನೀರಿನ ಹಬೆಗೆ ಮಸುಕಾದ ಕನ್ನಡಕದಲ್ಲಿ ಅವನು ಕಪ್ಪು ಕೋಟು ಹುಡುಕಿ, ಕಾಲರಿನ ಒಳಗೆ ಪಿನ್ನು ಚುಚ್ಚಿ, ಕಳ್ಳನ ಹಾಗೆ ಪರದೆಯ ಹಿಂದೆ ಸೇರಿಕೊಂಡ.

ಒಂಬತ್ತೂವರೆಗೆ ಪರದೆಯ ಸಂದಿಯಿಂದ ಇಣುಕಿದ. ತಮ್ಮ ಟೀ ಕುಡಿದು ಬರಲು ಕೋಟು ಹಾಕಿಕೊಳ್ಳುತ್ತಿದ್ದ. ಕಾಲರು ಎಳೆದು ಸರಿಮಾಡಿಕೊಂಡ. ಅಲ್ಲಿ ಯಾವ ಚೀಟಿಯೂ ಇರಲಿಲ್ಲ. ಅಣ್ಣ ಸಾಲಿನ ಕಡೆ ನೋಡಿದ. ತಮ್ಮನ ಕೋಟಿದ್ದ ಜಾಗದ ಪಕ್ಕದ ಹ್ಯಾಂಗರು ಖಾಲಿಯಾಗಿತ್ತು.

“ಇಲ್ಲಿದ್ದ ಕಪ್ಪು ಕೋಟೆಲ್ಲಿ?” ಎಂದು ಕೇಳಿದ ಅಣ್ಣ. ಪರದೆಯ ಹೊರಗೆ ಬಂದು, ತನ್ನ ಬಾಯಿಂದಲೇ, ತಮ್ಮನನ್ನೇ ಕೇಳಿದ.

ತಮ್ಮನ ಕೈ ಗುಂಡಿಯ ಮೇಲೆ ಹಾಗೇ ನಿಂತಿತು. “ಲಾಯರದು. ಈಗಷ್ಟೇ ತಗೊಂಡು ಹೋದರು” ಎಂದ. “ಸ್ಟೇಷನ್ನಿಗೆ. ಹತ್ತು ಗಂಟೆ ರೈಲು.”

ಅಣ್ಣ ಓಟ ಕಿತ್ತ. ಏಪ್ರನ್ನು ಬಿಚ್ಚಲಿಲ್ಲ, ಕನ್ನಡಕ ಒರೆಸಲಿಲ್ಲ. ಸ್ಟೇಷನ್ನು ಮೂರೂವರೆ ಕಿಲೋಮೀಟರು ದೂರ ಅನ್ನುವುದೂ ತಲೆಗೆ ಬರಲಿಲ್ಲ. ಔಷಧಿ ಅಂಗಡಿ ದಾಟಿದಾಗ ಹಿಂದಿನಿಂದ ಹೆಜ್ಜೆ ಸದ್ದು ಕೇಳಿತು. ಬಾಗಿಲು ಎಳೆದುಕೊಂಡು ತಮ್ಮ ಓಡಿ ಬರುತ್ತಿದ್ದ.

“ಏನಿದೆ ಆ ಕೋಟಲ್ಲಿ?”

“ನಿನಗ್ಯಾಕೆ? ನೀನು ಅಂಗಡಿ ನೋಡ್ಕೋ.”

“ಬಟ್ಟೆ ಸುಟ್ಟಿದೆಯಾ?”

“ಇಲ್ಲ ಕಣೋ.”

“ಹಾಗಾದ್ರೆ ಯಾಕೆ ಈ ಪಾಟಿ ಓಡ್ತಿದೀಯ?”

“ಮೂರು ವರ್ಷ ಬಾಯಿ ಮುಚ್ಕೊಂಡಿದ್ದೋನಿಗೆ ಇವತ್ತೇನು ಇಷ್ಟೊಂದು ಪ್ರಶ್ನೆ?”

“ಯಾರು ಬಾಯಿ ಮುಚ್ಕೊಂಡಿದ್ದು? ಗಿರಾಕಿ ಮುಂದೆ ಬಾಯಿ ಬಿಟ್ಟದ್ದು ಯಾರು?”

ಹೀಗೆ ಇಬ್ಬರೂ ಬ್ಯಾಂಕಿನ ಮುಂದೆ ಜಗಳವಾಡಿದರು, ಶಾಲೆಯ ಕಾಂಪೌಂಡಿನ ಉದ್ದಕ್ಕೂ ಜಗಳವಾಡಿದರು, ಸೇತುವೆಯ ಏರಿನಲ್ಲಿ ಸತ್ತ ಅಪ್ಪನನ್ನೂ ಸಾಕ್ಷಿಗೆ ಕರೆದರು. ಬಾಕಿಯಿದ್ದ ಬೈಗುಳವನ್ನೆಲ್ಲ ಅಣ್ಣ ಉಸಿರು ಕಟ್ಟದೆ ಒಪ್ಪವಾಗಿ ಬೈದು ಮುಗಿಸಿದ.

ಲಾಯರು ಒಂದನೇ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ, ಕೋಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕೈಯಲ್ಲಿ ಹಳದಿ ಚೀಟಿ.

“ಇದು ನಿಮ್ಮದಾ?” ಎಂದರು ನಿರಾಸೆಯಿಂದ. “ನನ್ನ ಹೆಂಡತಿ ಬರೆದಿದ್ದು ಅಂದ್ಕೊಂಡೆ. ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ಒಂದು ತಪ್ಪು ಒಪ್ಕೊಂಡಳಲ್ಲ ಅಂತ ಟಿಕೆಟ್ ವಾಪಸು ಕೊಡೋಕೆ ಹೊರಟಿದ್ದೆ. ಆದರೆ ಯಾವ ಅಂಗಿ ಅಂತ ನೆನಪಾಗಲಿಲ್ಲ.”

ಅಣ್ಣ ಕೈ ಚಾಚಿದ. ಅಷ್ಟರಲ್ಲಿ ರೈಲು ಬಂತು. ಲಾಯರು ಅವಸರದಲ್ಲಿ ಚೀಟಿಯನ್ನು ಹತ್ತಿರ ಸಿಕ್ಕ ಕೈಗೆ ತುರುಕಿ ಹತ್ತಿಕೊಂಡರು. ಆ ಕೈ ತಮ್ಮನದು. ತಮ್ಮ ಓದಿದ. ಎರಡು ಸಾಲನ್ನು ಓದಲು ರೈಲು ಹೊರಡುವಷ್ಟು ಹೊತ್ತು ತೆಗೆದುಕೊಂಡ. ಆಮೇಲೆ ಕೈಗಡಿಯಾರ ನೋಡಿದ.

“ಇಪ್ಪತ್ತೆರಡು ನಿಮಿಷ. ಎಲ್ಲೂ ನಿಲ್ಲದೆ, ಬೈಕೊಂಡು” ಎಂದ. “ಎಂಟನೇ ವಾರಕ್ಕೂ ಎರಡು ನಿಮಿಷ ಜಾಸ್ತಿ. ಅಲ್ಲಿಗೆ ಚಾರ್ಟ್ ಮುಗೀತು.”

ಅಣ್ಣನ ಮುಖ ಹುಳ್ಳಗಾಯಿತು. ತನ್ನ ಕಾಲುಗಳೇ ತನ್ನನ್ನು ಹಿಡಿದುಕೊಟ್ಟಿದ್ದವು. ಇನ್ನು ಹಿಮ್ಮಡಿಯೂ ಇಲ್ಲ, ಹುಳವೂ ಇಲ್ಲ, ಶೂ ದಾರವೂ ಇಲ್ಲ. ಅವನು ಬೆಂಚಿನ ಮೇಲೆ ಕೂತು, ಏಪ್ರನ್ನಿನಿಂದ ಕನ್ನಡಕ ಒರೆಸುತ್ತ, ತಲೆ ತಗ್ಗಿಸಿಕೊಂಡೇ ಹೇಳಿದ.

“ಹೋಗಬೇಡ ಕಣೋ. ತಪ್ಪು ನಂದು. ಅವತ್ತು ಎಲ್ಲರ ಮುಂದೆ ಹಾಗೆ ಅನ್ನಬಾರದಿತ್ತು. ನೀನಿಲ್ಲದೆ ನನ್ನ ಕೈಲಿ ಆಗಲ್ಲ.”

ತಮ್ಮ ಪಕ್ಕದಲ್ಲಿ ಕೂತ. “ಎಲ್ಲಿಗೆ ಹೋಗಲಿ? ಆ ಕೆಲಸ ಬೇರೆಯವರಿಗೆ ಕೊಟ್ಟು ಮೂರು ವಾರ ಆಯ್ತು.”

“ಯಾಕೆ?”

“ಒಂದನೇ ತಾರೀಕಿಗೆ ಬಂದು ಸೇರ್ಕೋ ಅಂದ್ರು. ಆಗಲ್ಲ ಅಂದೆ.”

“ಯಾಕೋ ಹಾಗಂದೆ?”

“ನಿಂದು ಇನ್ನೂ ನಾಲ್ಕನೇ ವಾರ ಮುಗಿದಿರಲಿಲ್ಲವಲ್ಲ.”

ಇಷ್ಟು ದೂರ ಓಡಿದಾಗ ಬಾರದ ಏದುಸಿರು ಅಣ್ಣನಿಗೆ ಆಗ ಬಂತು. ಏನೋ ಹೇಳಲು ಬಾಯಿ ತೆರೆದ, ಮಾತು ಹೊರಡಲಿಲ್ಲ. ತಮ್ಮ ಅವಸರ ಮಾಡಲಿಲ್ಲ, ಪಕ್ಕದಲ್ಲೇ ಕೂತು ಕಾದ.