ಬಿಸಿಲಕ್ಕನ ಕಾಳು

ಪ್ರದರ್ಶನ ಮೈದಾನದ ಬಾಗಿಲಲ್ಲೇ ದೇಶದ ನಕ್ಷೆ ತೂಗುಹಾಕಿದ್ದರು. ಗಾಳಿ, ಬಿಸಿಲು, ನೀರಿನಿಂದ ಎಲ್ಲೆಲ್ಲಿ ಕರೆಂಟು ಬಂತು ಎಂಬುದಕ್ಕೆ ಹಸಿರು ದೀಪಗಳು ಮಿನುಗುತ್ತಿದ್ದವು. ಜನ ಮುಗಿಬೀಳುತ್ತಿದ್ದುದು ಮಾತ್ರ ನಕ್ಷೆಯ ಮುಂದಲ್ಲ, ಬಯಲಲ್ಲಿ ಸೌರ ಒಲೆ ತೋರಿಸುತ್ತಿದ್ದ ಹೆಂಗಸಿನ ಮುಂದೆ. ಎಲ್ಲರ ಬಾಯಲ್ಲೂ ಅವಳು ಬಿಸಿಲಕ್ಕ. ಗಾಜಿನ ಮುಚ್ಚಳದ ಕಪ್ಪು ಪೆಟ್ಟಿಗೆಯೊಳಗೆ ಕಾಳಿನ ಡಬ್ಬಿ ಇಡುತ್ತಿದ್ದಳು, ಒಂದು ಗಂಟೆ ಮಾತಲ್ಲೇ ಜನರನ್ನು ಕಟ್ಟಿಹಾಕುತ್ತಿದ್ದಳು. ಆಮೇಲೆ ಮುಚ್ಚಳ ತೆಗೆದರೆ ಹಬೆಯೋ ಹಬೆ! ಕಾಳು ಒತ್ತಿದರೆ ಬೆಣ್ಣೆ.

ಗುಟ್ಟೇನೂ ದೊಡ್ಡದಲ್ಲ. ಆ ಕಾಳನ್ನು ಅವಳು ಮನೆಯಲ್ಲೇ ಗ್ಯಾಸ್ ಮೇಲೆ ಮುಕ್ಕಾಲು ಬೇಯಿಸಿ ತರುತ್ತಿದ್ದಳು. ಹಸಿ ಕಾಳಿಗೆ ಅರ್ಧ ದಿನದ ಬಿಸಿಲು ಬೇಕು. ಅಷ್ಟು ಹೊತ್ತು ಯಾರು ನಿಲ್ಲುತ್ತಾರೆ? “ಜನಕ್ಕೆ ಹಬೆ ತೋರಿಸಮ್ಮ, ಉಳಿದಿದ್ದು ನಂಗೊತ್ತಿಲ್ಲ,” ಎಂದಿದ್ದರು ಮಳಿಗೆಯ ಉಸ್ತುವಾರಿಯ ಸಾಹೇಬರು. ಪಕ್ಕದಲ್ಲಿ ಗಾಳಿಯಂತ್ರದ ಮಾದರಿ ಇಟ್ಟುಕೊಂಡಿದ್ದ ಗಾಳಿಯಣ್ಣನಂತೂ ಪರದೆ ಸರಿಸಿ, ಹಿಂದೆ ಬಚ್ಚಿಟ್ಟಿದ್ದ ಟೇಬಲ್ ಫ್ಯಾನ್ ತೋರಿಸಿದ್ದ. “ನಿನ್ನ ಬಿಸಿಲಿಗೆ ಗ್ಯಾಸು, ನನ್ನ ಗಾಳಿಗೆ ಫ್ಯಾನು. ದೇಶ ಹೆಂಗೋ ಮುಂದಕ್ಕೆ ಹೋಗ್ತಿದೆ ಬಿಡಕ್ಕ!” ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಟೈಲರ್ ಹೆಂಗಸು ಬಂದ ದಿನ ಆ ನಗು ನಿಂತಿತು. ಹಿಂದಿನ ವಾರ ಇದೇ ಮಳಿಗೆಯಲ್ಲಿ ಒಲೆ ಕೊಂಡುಹೋದವಳು ಅವಳು. ಜಗಳಕ್ಕೇ ಬಂದಳೆಂದು ಬಿಸಿಲಕ್ಕ ಮಾತು ಮಸೆದುಕೊಂಡು ನಿಂತಳು. ಅವಳೋ ಪಕ್ಕಕ್ಕೆ ಕರೆದು ದನಿ ತಗ್ಗಿಸಿದಳು.

“ಅಕ್ಕಾ, ಬೇಜಾರು ಮಾಡ್ಕೋಬೇಡಿ. ನೀವು ಮಾಡಿದ ಹಾಗೇ ಮಾಡ್ತೀನಿ. ಮಗಳು ಸ್ಕೂಲಿಂದ ಊಟಕ್ಕೆ ಬರೋ ಒಂದು ಗಂಟೆ ಮುಂಚೆ ಮಹಡಿ ಮೇಲೆ ಇಡ್ತೀನಿ. ತೆಗೆದ್ರೆ ಕಾಳಲ್ಲ, ಕಲ್ಲು! ‘ಆ ಯಮ್ಮನ ಕೈಗೆ ಬಗ್ಗೋ ಸೂರ್ಯ ನಿನ್ನ ಕೈಗೆ ಯಾಕೆ ಬಗ್ಗಲ್ಲ’ ಅಂತ, ಅವತ್ತು ನನ್ ಜೊತೆ ಬಂದು ನಿಮ್ಮನ್ನ ನೋಡಿದ್ದ ನಮ್ಮತ್ತೆ ಅಕ್ಕಪಕ್ಕದೋರ ಮುಂದೆಲ್ಲ ಆಡ್ಕೋತಾರೆ. ನನ್ನ ಕೈಯಲ್ಲೇ ಏನೋ ಐಬು ಇರ್ಬೇಕು. ನಾಳೆ ನೀವು ಹಸಿ ಕಾಳು ಹಾಕೋವಾಗಿಂದ ನಿಂತು ನೋಡ್ಲಾ?”

ಉಗಿದಿದ್ದರೆ ಬಿಸಿಲಕ್ಕನಿಗೆ ಎಷ್ಟೋ ಹಾಯೆನಿಸುತ್ತಿತ್ತು. ಸೂಜಿ ಚುಚ್ಚಿ ಒರಟಾಗಿದ್ದ ಆ ಬೆರಳುಗಳನ್ನೇ ನೋಡುತ್ತ “ಬಾಮ್ಮ” ಎಂದುಬಿಟ್ಟಳು.

ಮರುದಿನ ಬಿಸಿಲಕ್ಕ ಹಸಿ ಕಾಳನ್ನೇ ತಂದು, ಟೈಲರ್ ಹೆಂಗಸಿನ ಕಣ್ಣೆದುರೇ ಪೆಟ್ಟಿಗೆಯೊಳಗಿಟ್ಟಳು. ಗಂಟೆ ಕಳೆದು ಮುಚ್ಚಳ ತೆಗೆದರೆ ನೀರು ಬಿಸಿಯಾಗಿತ್ತು, ಅಷ್ಟೇ. ಒಬ್ಬ ಮುದುಕ ಕಾಳು ಕಚ್ಚಿ ನೋಡಿ, “ಇರೋ ಎರಡು ಹಲ್ಲಿಗೂ ಸಂಚಕಾರ ತಂದೆಯಲ್ಲೇ ತಾಯಿ!” ಎಂದ. ಜನ ಗೊಳ್ಳೆಂದರು. ಹಿಂದೆ ನಿಂತಿದ್ದ ಸಾಹೇಬರ ಮುಖ ಗಂಟಾಯಿತು.

ಟೈಲರ್ ಹೆಂಗಸಿಗೆ ರೇಗಿತು. “ನಗೋದೇನಿದೆ ಅದ್ರಲ್ಲಿ? ಇವ್ರ ಕೈ ಚಿನ್ನದಂಥ ಕೈ, ನಾನೇ ತಿಂದು ನೋಡಿದ್ದೀನಿ. ಇವತ್ತು ಬಿಸಿಲೇ ಮಂಕು, ಅಷ್ಟೇ!”

ಬಿಸಿಲಕ್ಕನ ಕಿವಿ ಕೆಂಡವಾಯಿತು. ಸಾಹೇಬರು ಕಣ್ಣಲ್ಲೇ ‘ಹೂಂ ಅನ್ನು’ ಎನ್ನುತ್ತಿದ್ದರು. ಹೂಂ ಎಂದಿದ್ದರೆ ಕೆಲಸ ಉಳಿಯುತ್ತಿತ್ತು, ಮರ್ಯಾದೆಯೂ ಉಳಿಯುತ್ತಿತ್ತು.

“ಬಿಸಿಲು ಸರಿಯಾಗೇ ಇದೆ,” ಎಂದಳು ನೆಲ ನೋಡುತ್ತ. “ನಾನೇ ದಿನಾ ಗ್ಯಾಸ್ ಮೇಲೆ ಬೇಯಿಸ್ಕೊಂಡು ಬರ್ತಿದ್ದೆ. ಒಂದು ಗಂಟೇಲಿ ಇದು ಬೇಯಲ್ಲ. ಬೆಳಿಗ್ಗೆ ಇಟ್ರೆ ಮಧ್ಯಾಹ್ನದ ಊಟಕ್ಕೆ ಬೇಯುತ್ತೆ.”

ಸಾಹೇಬರು ಮೆಲ್ಲಗೆ ಜಾರಿಕೊಂಡರು. ಜನ ಗೊಣಗುತ್ತ ಚದುರಿದರು. ಉಳಿದವಳು ಟೈಲರ್ ಹೆಂಗಸೊಬ್ಬಳೇ.

“ಬೆಳಿಗ್ಗೆ ಇಡು ಅಂದಿದ್ರೆ ಬೆಳಿಗ್ಗೇನೇ ಇಡ್ತಿದ್ದೆನಲ್ಲಕ್ಕಾ. ಹೆಂಗೂ ಮಿಷನ್ ಮುಂದೆ ಕೂತೇ ಇರ್ತೀನಿ. ಅಷ್ಟು ಹೇಳೋಕೆ ಏನಾಗಿತ್ತು ನಿಮಗೆ?”

ಬಿಸಿಲಕ್ಕ ಪೆಟ್ಟಿಗೆಯ ಗಾಜಿನ ಮುಚ್ಚಳ ಮುಚ್ಚಿದಳು. ಒಲೆ ಒಳ್ಳೆಯದೇ. ಅದಕ್ಕೆ ಸುಳ್ಳಿನ ಅಗತ್ಯವೇ ಇರಲಿಲ್ಲ.

“ನಂಗೊಬ್ಬಳಿಗೆ ಹೇಳಿದ್ರೆ ಸಾಲ್ದು. ಮನೆಗೆ ಬಂದು ನಮ್ಮತ್ತೆಗೂ ಹೇಳಿ.”

ಮನೆ ಎರಡು ಬೀದಿ ಆಚೆ. ಬಾಗಿಲು ತೆಗೆದ ಅತ್ತೆಯ ಮುಖ ಅರಳಿತು. “ಅಯ್ಯೋ, ಬಿಸಿಲಕ್ಕ! ನಮ್ಮನೇಗೆ!” ಎಂದು ಕುರ್ಚಿಯ ಮೇಲಿದ್ದ ಬಟ್ಟೆ ಬಾಚಿ ಸೊಸೆಯ ಕೈಗೆ ತುರುಕಿದರು. “ಕೂತ್ಕೊಳ್ಳಿ, ನೀರು ತರ್ತೀನಿ. ಇವಳಿಗೆ ಸ್ವಲ್ಪ ಬುದ್ಧಿ ಹೇಳಿ ಹೋಗಿ.”

ಬಿಸಿಲಕ್ಕ ಕೂರಲಿಲ್ಲ. ಅಡುಗೆಮನೆಯತ್ತ ತಿರುಗಿದ್ದ ಆ ಬೆನ್ನಿಗೇ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು.

ಮುದುಕಿ ನಿಂತರು, ತಿರುಗಿದರು. “ನಂಗೆ ಕಿವಿ ಮಂದ. ಮುಖ ನೋಡ್ಕೊಂಡು ಜೋರಾಗಿ ಹೇಳಿ.”

ಕಿಟಕಿಯಾಚೆ ನೆರೆಮನೆಯ ಪಾತ್ರೆ ಸದ್ದು ನಿಂತಿತು. ಬಟ್ಟೆ ಅಪ್ಪಿಕೊಂಡು ನಿಂತಿದ್ದ ಸೊಸೆ ತಲೆ ಎತ್ತಿದಳು. ಬಿಸಿಲಕ್ಕ ಮೊದಲಿಂದ ಮತ್ತೆ ಹೇಳಿದಳು, ಕೂಗಿ.