ಪ್ರೇಕ್ಷಾ ಬಿಟ್ಟರೆ

"ಪ್ರೇಕ್ಷಾ ಪುಣೆಗೆ ಹೋದ್ರೆ ಮುಂಬೈ ಸೀಟು ನಿನಗೇ ಅಲ್ವಾ ಮಾರಾಯ್ತಿ! ಮತ್ತೆ ಎಂಥದಕ್ಕೆ ಮುಖ ಊದಿಸಿಕೊಂಡು ಕೂತಿದ್ದಿ?" ಎಂದು ಸುಗುಣಾ ದೊಡ್ಡಮ್ಮ ಶ್ರದ್ಧಾಳ ಬೆನ್ನು ತಟ್ಟಿ ಅಡುಗೆಮನೆಗೆ ನಡೆದಳು.

ಶ್ರದ್ಧಾಳ ಮೈಯೆಲ್ಲ ಉರಿಯಿತು. ದೊಡ್ಡಮ್ಮ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಉರಿಯುವುದಕ್ಕೆ ಅದೇ ಕಾರಣ. ದೊಡ್ಡಮ್ಮನ ಮಗಳು ಪ್ರೇಕ್ಷಾಳಿಗೆ ಬಿ.ಎಸ್ಸಿ. ಫಿಸಿಕ್ಸಿಗೆ ಮುಂಬೈ ಯೂನಿವರ್ಸಿಟಿಯ ಒಂದು ದೊಡ್ಡ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಪುಣೆ ಯೂನಿವರ್ಸಿಟಿಯಿಂದಲೂ ಕರೆ ಬಂದಿತ್ತು. ಮುಂಬೈಯ ವೇಟಿಂಗ್ ಲಿಸ್ಟಿನಲ್ಲಿ ಮೊದಲನೆಯವಳು ಶ್ರದ್ಧಾ. ಪ್ರೇಕ್ಷಾ ಬಿಟ್ಟರೆ ಆ ಸೀಟು ಇವಳಿಗೆ. ಬಿಡದಿದ್ದರೆ ವಿಠ್ಠಲವಾಡಿಯ ಹೊಸ ಕಾಲೇಜು. ಅಲ್ಲಿ ಫಿಸಿಕ್ಸ್ ಇಲ್ಲ, ಬರೀ ಕಂಪ್ಯೂಟರ್. ನಾಳೆಯೇ ಕೊನೆಯ ದಿನ.

ಪ್ರೇಕ್ಷಾ ಬಿಟ್ಟರೆ! ಹುಟ್ಟಿದಂದಿನಿಂದ ಇದೇ ಆಯಿತಲ್ಲ. ಆರು ತಿಂಗಳು ಮೊದಲು ಹುಟ್ಟಿದ್ದೇ ದೊಡ್ಡ ಸಾಧನೆ ಎಂಬಂತೆ, ಪ್ರೇಕ್ಷಾ ಹಾಕಿ ಬಿಟ್ಟ ಫ್ರಾಕು, ಓದಿ ಬಿಟ್ಟ ಪುಸ್ತಕ, ಬೇಜಾರು ಬಂದು ಬಿಟ್ಟ ರಾಕೆಟ್ಟು ಎಲ್ಲವೂ ಡೊಂಬಿವಲಿಯ ಈ ಮನೆಯಿಂದ ಕಲ್ಯಾಣದ ಶ್ರದ್ಧಾಳ ಮನೆಗೆ ಚೀಲ ತುಂಬಿ ಬರುತ್ತಿದ್ದವು. ಹೋಗಲಿ, ಆ ಹುಡುಗಿಗೆ ಫಿಸಿಕ್ಸ್ ಎಂದರೆ ಪ್ರಾಣವೇ? ಏನೂ ಇಲ್ಲ. ಪರೀಕ್ಷೆ ಬರೆದಳು, ಮಾರ್ಕ್ಸ್ ಬಂತು, ಅಷ್ಟೇ. ಏಳನೇ ಕ್ಲಾಸಿನಿಂದ ಅದನ್ನೇ ಕನವರಿಸಿದವಳು ಶ್ರದ್ಧಾ. ಬೆಳಿಗ್ಗೆ ಹೊರಡುವಾಗ ಅಮ್ಮ ಸತ್ಯಭಾಮಾ ಕಿವಿಯಲ್ಲಿ ಊದಿದ್ದಳು: "ನಯವಾಗಿ ಪುಣೆ ಕಡೆ ತಿರುಗಿಸು ಅವಳನ್ನು. ಜಗಳ ಮಾಡ್ಬೇಡ."

ಬಾಲ್ಕನಿಯಲ್ಲಿ ಪ್ರೇಕ್ಷಾ ಉಗುರು ಕಚ್ಚುತ್ತಾ ನಿಂತಿದ್ದಳು. "ಅರೇ ಯಾರ್, ಏನೂ ಗೊತ್ತಾಗ್ತಿಲ್ಲ. ತೂ ಬೋಲ್ ನಾ. ನೀನು ಹೇಳಿದ ಕಡೆ ಹೋಗ್ತೇನೆ, ಪ್ರಾಮಿಸ್."

ಶ್ರದ್ಧಾ ಕಾದಿದ್ದ ಪ್ರಶ್ನೆಯನ್ನು ಪ್ರೇಕ್ಷಾ ತಾನಾಗಿಯೇ ಕೇಳಿಬಿಟ್ಟಳು. ಶ್ರದ್ಧಾ ಗಂಟಲು ಸರಿಮಾಡಿಕೊಂಡಳು.

"ಪುಣೆ. ಹವೆ ತಂಪು. ದಿನಾ ಲೋಕಲ್‌ನಲ್ಲಿ ನೇತಾಡುವ ಕರ್ಮ ಇಲ್ಲ. ಹಾಸ್ಟೆಲಿನಲ್ಲಿ ನಿನ್ನದೇ ರೂಮು, ಎಲ್ಲಿಗೆ ಹೋದೆ ಬಂದೆ ಅಂತ ಕೇಳುವವರಿಲ್ಲ."

ಹೇಳುತ್ತಿದ್ದಂತೆ ಆ ರೂಮು ಅವಳ ಕಣ್ಣಿಗೇ ಕಟ್ಟಿತು: ಕಿಟಕಿಯ ಪಕ್ಕದ ಮೇಜು, ಮಧ್ಯಾಹ್ನದವರೆಗೂ ಮಲಗಿದ ಪ್ರೇಕ್ಷಾ. ಅಲ್ಲೂ ಒಳ್ಳೆಯದು ಅವಳಿಗೇ! ಹೊಟ್ಟೆಕಿಚ್ಚು ಗಂಟಲವರೆಗೆ ಬಂತು.

"ಸಹೀ ಹೈ," ಪ್ರೇಕ್ಷಾ ನಕ್ಕಳು. "ಮುಂಬೈ ಸೀಟು ನಿನಗೆ ಕೊಟ್ಟ ಹಾಗೂ ಆಯ್ತು."

ಕೊಟ್ಟ ಹಾಗೆ! ಇನ್ನು ಮೂರು ವರ್ಷ ದೊಡ್ಡಮ್ಮ ಮದುವೆ ಮುಂಜಿಗಳಲ್ಲೆಲ್ಲ ಸಾರಿಕೊಂಡು ಬರುತ್ತಾಳೆ, ನಮ್ಮ ಪ್ರೇಕ್ಷಾ ಬಿಟ್ಟುಕೊಟ್ಟದ್ದು ಅಂತ.

"ಆದ್ರೆ ಜ್ವರ ಬಂದ್ರೆ ಗಂಜಿ ಮಾಡಿಕೊಡ್ಲಿಕ್ಕೆ ಯಾರುಂಟು ಅಲ್ಲಿ?" ಎಂದುಬಿಟ್ಟಳು ಶ್ರದ್ಧಾ. "ಲೈಟು ಹೋದ್ರೆ ದೊಡ್ಡಮ್ಮನ ಕೈ ಹಿಡ್ಕೊಳ್ಳುವವಳು ನೀನು. ಒಬ್ಬಳೇ ಇರ್ತೀಯಾ?"

ಪ್ರೇಕ್ಷಾಳ ಮುಖ ಸಣ್ಣದಾಯಿತು. "ಹಾಂ ನಾ... ಮುಂಬೈಯೇ ಬೆಟರ್ ಅಲ್ವಾ?"

ಈಗಲೂ ಕಾಲ ಮಿಂಚಿರಲಿಲ್ಲ. ತಮಾಷೆಗೆ ಹೇಳಿದೆ ಎಂದರೆ ಸಾಕಿತ್ತು.

"ಮುಂಬೈಯೇ," ಎಂದಳು ಶ್ರದ್ಧಾ.

ಪ್ರೇಕ್ಷಾ ಅವಳನ್ನು ಬಿಗಿಯಾಗಿ ತಬ್ಬಿಕೊಂಡಳು. "ಸಚ್ ಬೋಲೂಂ? ನೀನು ಪುಣೆಗೇ ಕಳಿಸ್ತೀ ಅಂತ ಹೆದರಿದ್ದೆ. ನಿನ್ನ ಜಾಗದಲ್ಲಿ ನಾನಿದ್ರೆ ಹಾಗೇ ಮಾಡ್ತಿದ್ದೆ ಯಾರ್." ಮತ್ತೆ ಒಳಗೆ ಓಡಿ, "ಮಮ್ಮೀ, ಶ್ರದ್ಧಾ ನನಗೇ ಸೀಟು ಇಟ್ಕೊಳ್ಳಲಿಕ್ಕೆ ಹೇಳಿದ್ಳು!" ಎಂದು ಕೂಗಿದಳು.

ದೊಡ್ಡಮ್ಮ ಗೋಳಿಬಜೆಯ ತಟ್ಟೆ ಹಿಡಿದು ಬಂದಳು. ಅವಳ ಕಣ್ಣು ಒದ್ದೆಯಾಗಿತ್ತು. "ಎಂಥ ಮನಸ್ಸು ಮಗಾ ನಿನ್ನದು! ನಿಲ್ಲು, ನಿನ್ನ ಅಮ್ಮನಿಗೆ ನಾನೇ ಹೇಳ್ತೇನೆ," ಎಂದು ತಟ್ಟೆಯನ್ನು ಮೊದಲು ಶ್ರದ್ಧಾಳ ಕೈಗೆ ಕೊಟ್ಟು ಫೋನು ಎತ್ತಿಕೊಂಡಳು.

ಆ ಕಡೆಯಿಂದ ಅಮ್ಮನ "ಹಲೋ, ಅಕ್ಕಾ, ಏನಾಯ್ತು?" ಎಂಬ ಆಸೆಯ ದನಿ ಸ್ಪಷ್ಟವಾಗಿ ಕೇಳಿಸಿತು. ಶ್ರದ್ಧಾ ಒಂದು ಇಡೀ ಬಜೆಯನ್ನು ಬಾಯಿಗೆ ತುರುಕಿಕೊಂಡಳು. ಕೆಂಡದಷ್ಟು ಬಿಸಿ. ತಾಯಿ ಮಗಳಿಬ್ಬರೂ ಅವಳನ್ನೇ ನೋಡುತ್ತಾ ನಗುತ್ತಿದ್ದರು, ಉಗುಳುವಂತಿರಲಿಲ್ಲ.